ನಾಟಕ ನಿಲ್ಲಿಸುವುದಾದರೆ ಬರೆದು ಕೊಟ್ಟು ನಿಲ್ಲಿಸಿ

ರಂಗಪ್ರದರ್ಶನಗಳಿಗೆ ಅನುಮತಿ ನೀಡುವ ಎಲ್ಲ ಅಧಿಕಾರಿಗಳಿಗೆ ಮತ್ತು ತುಮಕೂರು ಸೀಮೆಯ ನಾಟಕಪ್ರಿಯ ಜನತೆಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ನಮ್ಮ ಸೀಮೆಯಲ್ಲಿ ಒಂದು ನಾಟಕವನ್ನು ನಿಲ್ಲಿಸಲು ಇಂದು ಆದೇಶ ಹೊರಡಿಸುವ ಅಗತ್ಯವೇ ಬೀಳುತ್ತಿಲ್ಲ. ಪ್ರದರ್ಶನದ ದಿನ ಸಂಜೆ ಸಂಘಟಕರ ಮೊಬೈಲಿಗೆ ಒಂದು ಕರೆ ಬರುತ್ತದೆ. ಯಾರೋ ತಕರಾರು ಎತ್ತಿದ್ದಾರೆ, ಗಲಾಟೆಯಾದರೆ ಹೊಣೆ ನಿಮ್ಮದೇ, ಇನ್ನೊಂದು ದಿನ ಇಟ್ಟುಕೊಳ್ಳಿ ಎಂದು ಆ ಕಡೆಯಿಂದ ಹೇಳಲಾಗುತ್ತದೆ. ಅಲ್ಲಿಗೆ ನಾಟಕ ನಿಂತುಹೋಗುತ್ತದೆ. ನಿಲ್ಲಿಸಿದವರು ಯಾರು, ಯಾವ ಕಾನೂನಿನ ಯಾವ ಕಲಮಿನ ಪ್ರಕಾರ ನಿಲ್ಲಿಸಿದರು, ನಾಟಕದ ಯಾವ ದೃಶ್ಯದಿಂದ ಯಾರಿಗೆ ನೋವಾಯಿತು ಎಂಬುದಕ್ಕೆ ಒಂದು ಚೀಟಿಯಷ್ಟು ದಾಖಲೆಯೂ ಉಳಿಯುವುದಿಲ್ಲ. ಈ ಬಾಯಿಮಾತಿನ ತಡೆಯನ್ನು ಕೈಬಿಡಿ, ನಿಲ್ಲಿಸಲೇಬೇಕಾದ ಕಾರಣವಿದ್ದರೆ ಅದನ್ನು ಬರೆದು, ಸಹಿ ಮಾಡಿ, ಸಾಕಷ್ಟು ಮುಂಚೆ ನಮ್ಮ ಕೈಗೆ ಕೊಡಿ ಎಂದು ಕೇಳಿಕೊಳ್ಳಲು ಈ ಪತ್ರವನ್ನು ಬರೆಯುತ್ತಿದ್ದೇನೆ.

ತುಮಕೂರು ಜಿಲ್ಲೆಯಲ್ಲಿ ನಾಟಕವೆಂದರೆ ಪಟ್ಟಣದ ಕೆಲವರ ಹವ್ಯಾಸವೆಂದು ಯಾರೂ ಭಾವಿಸಲಾರರು. 1884ರಲ್ಲಿ ಗುಬ್ಬಿಯಲ್ಲಿ ಹುಟ್ಟಿದ ಚನ್ನಬಸವೇಶ್ವರ ನಾಟಕ ಸಂಘ ವೀರಣ್ಣನವರ ಕೈಯಲ್ಲಿ ಇಡೀ ಕನ್ನಡ ನಾಡಿನ ಕಂಪನಿಯಾಗಿ ಬೆಳೆಯಿತು, ರಾಜ್‌ಕುಮಾರ್, ಜಿ.ವಿ. ಅಯ್ಯರ್, ತಿಪಟೂರಿನ ನರಸಿಂಹರಾಜು, ಬಿ.ವಿ. ಕಾರಂತರಂಥವರು ಅದರ ಅನ್ನ ಉಂಡವರು. ಮೂಡಲಪಾಯ ಯಕ್ಷಗಾನದ ಪದಗಳನ್ನು ಬಲ್ಲ ಭಾಗವತರು ನಮ್ಮ ಹಳ್ಳಿಗಳಲ್ಲಿ ಈಗಲೂ ಇದ್ದಾರೆ. ಜಾತ್ರೆಯ ಕಾಲ ಬಂತೆಂದರೆ, ಹಗಲೆಲ್ಲ ಹೊಲದಲ್ಲಿ ದುಡಿದ ರೈತ ಪಾತ್ರದ ದುಡ್ಡನ್ನು ತಾನೇ ಕಟ್ಟಿ, ಹಾರ್ಮೋನಿಯಂ ಮೇಷ್ಟ್ರ ಎದುರು ಕುಳಿತು ಕಂದಪದ್ಯ ಕಲಿತು, ಬೆಳಗಿನ ಜಾವದವರೆಗೆ ದುರ್ಯೋಧನನಾಗಿ ನಿಲ್ಲುತ್ತಾನೆ. ಇಂಥ ನೆಲದಲ್ಲಿ ರಂಗದ ಮೇಲಿನ ಮಾತನ್ನು ತಡೆಯುವ ಕೆಲಸ ಹೀಗೆ ಗುಟ್ಟಾಗಿ ನಡೆಯುವುದನ್ನು ನಾನು ಸುಮ್ಮನೆ ನೋಡಲಾರೆ.

ಒಂದು ಘಟನೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. ಊರಿನ ಹೆಸರನ್ನೂ ಕರೆ ಮಾಡಿದವರ ಹುದ್ದೆಯನ್ನೂ ಬರೆಯುತ್ತಿಲ್ಲ. ಆ ಹುಡುಗರು ಅದೇ ಊರಲ್ಲಿ ಬಾಳಬೇಕು, ಮತ್ತು ನನ್ನ ತಕರಾರು ಇರುವುದು ಪದ್ಧತಿಯ ಮೇಲೆ. ತೆಂಗಿನ ಸೀಮೆಯ ಆ ಹಳ್ಳಿಯ ಯುವಕರು ಒಂದು ಸಾಮಾಜಿಕ ನಾಟಕ ಕಲಿಸಿಕೊಡಿ ಎಂದು ನನ್ನನ್ನು ಕರೆಸಿಕೊಂಡಿದ್ದರು. ಡೇರಿಗೆ ಹಾಲು ಹಾಕಿ ಬಂದ ಮೇಲೆ, ಕೊಬ್ಬರಿ ತುಂಬಿದ ಉಗ್ರಾಣದ ಮುಂದಿನ ಅಂಗಳದಲ್ಲಿ, ರಾತ್ರಿ ತಾಲೀಮು ನಡೆಯುತ್ತಿತ್ತು. ಕೆರೆಯ ಹೂಳೆತ್ತಿದ ಲೆಕ್ಕವನ್ನು ಒಬ್ಬ ವಿಧವೆ ಗ್ರಾಮಸಭೆಯಲ್ಲಿ ಎದ್ದುನಿಂತು ಕೇಳುವುದು ನಾಟಕದ ವಸ್ತು. ಆಟದ ದಿನ ಸೀನರಿಯವರು ಪರದೆ ಕಟ್ಟಿದ್ದರು, ಮೈಕ್ ಸೆಟ್ಟಿನವರು ಕಂಬಕ್ಕೆ ಹಾರ್ನ್ ಬಿಗಿದಿದ್ದರು, ಮುಖ್ಯ ಪಾತ್ರಕ್ಕಾಗಿ ತುಮಕೂರಿನಿಂದ ಬಂದ ಕಲಾವಿದೆ ಬಣ್ಣ ಹಚ್ಚಿಕೊಳ್ಳಲು ಕುಳಿತಿದ್ದರು. ಆಗ ಕರೆ ಬಂತು. ನಾಟಕದಲ್ಲಿ ತಮ್ಮ ಮನೆತನವನ್ನೇ ಗುರಿ ಮಾಡಿದ್ದಾರೆ ಎಂದು ಯಾರೋ ಹೇಳಿದ್ದರಂತೆ. ಹೇಳಿದವರು ನಾಟಕದ ಪ್ರತಿಯನ್ನು ಓದಿರಲಿಲ್ಲ, ತಾಲೀಮನ್ನೂ ನೋಡಿರಲಿಲ್ಲ. ನಾನೇ ಫೋನ್ ತೆಗೆದುಕೊಂಡು, ‘ಸಾರ್, ಯಾವ ಮಾತಿಗೆ ಆಕ್ಷೇಪಣೆ ಅಂತ ಬರೆದುಕೊಡಿ’ ಎಂದೆ. ‘ಬರೆದುಕೊಡೋ ಅಂಥದ್ದು ಏನಿಲ್ಲ ಮೇಷ್ಟ್ರೇ, ನೀವೇ ಅರ್ಥ ಮಾಡ್ಕೊಂಡು ನಿಲ್ಲಿಸಿಬಿಡಿ’ ಎಂಬ ಉತ್ತರ ಬಂತು. ದನಿಯಲ್ಲಿ ಗದರಿಕೆಯಿರಲಿಲ್ಲ, ಸೌಜನ್ಯವೇ ಇತ್ತು. ಹುಡುಗರು ಪರದೆ ಬಿಚ್ಚಿದರು. ಆಮೇಲೆ ವಿಚಾರಿಸಿದಾಗ, ಸಂಘಟಕರು ತಾವಾಗಿಯೇ ಪ್ರದರ್ಶನವನ್ನು ಮುಂದೂಡಿದ್ದಾರೆ ಎಂದಷ್ಟೇ ತಿಳಿಸಲಾಯಿತು.

ಮಾನ್ಯರೇ, ಆ ಕೊನೆಯ ಮಾತಿನಿಂದ ಆಗುವ ನಷ್ಟ ಬಾಡಿಗೆ, ಮುಂಗಡಗಳ ನಷ್ಟಕ್ಕಿಂತ ದೊಡ್ಡದು. ಆದೇಶವಿದ್ದರೆ ಮೇಲಿನ ಅಧಿಕಾರಿಯ ಬಳಿಗೆ ಹೋಗಬಹುದು, ಸಂವಿಧಾನದ 226ನೇ ವಿಧಿಯ ಅಡಿಯಲ್ಲಿ ಹೈಕೋರ್ಟಿಗೂ ಹೋಗಬಹುದು. ಅಧಿಕಾರಿಯ ಆದೇಶವನ್ನು ಅದರಲ್ಲಿ ಬರೆದ ಕಾರಣಗಳಿಂದಲೇ ಅಳೆಯಬೇಕು, ಆಮೇಲೆ ಹೊಸ ಕಾರಣಗಳನ್ನು ಜೋಡಿಸಿ ಅದನ್ನು ಸಮರ್ಥಿಸಲಾಗದು ಎಂದು ಮೋಹಿಂದರ್ ಸಿಂಗ್ ಗಿಲ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಆದೇಶವೇ ಇಲ್ಲದಿದ್ದಾಗ ಏನನ್ನು ಅಳೆಯುವುದು? ಹಳ್ಳಿಯ ಹುಡುಗನೊಬ್ಬ ತನ್ನ ನಾಟಕ ನಿಂತಿತೆಂದು ನ್ಯಾಯಾಲಯದ ಮುಂದೆ ಹೋದರೆ, ನಾವು ನಿಲ್ಲಿಸಿಯೇ ಇಲ್ಲವಲ್ಲ ಎಂಬ ಒಂದು ಮಾತು ಅವನ ದೂರನ್ನು ಮುಗಿಸಿಬಿಡುತ್ತದೆ.

ಬಯಲಿನಲ್ಲಿ ನಾಟಕ ಆಡುವವರ ಜುಟ್ಟು ಧ್ವನಿವರ್ಧಕದ ಪರವಾನಗಿಯಲ್ಲಿದೆ. 2000ನೇ ಇಸವಿಯ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ಮೈಕಿಗೆ ಲಿಖಿತ ಅನುಮತಿ ಬೇಕು, ರಾತ್ರಿ 10ರ ಮೇಲೆ ಬಯಲಿನಲ್ಲಿ ಬಳಸುವಂತಿಲ್ಲ, ಸಾಂಸ್ಕೃತಿಕ ಅಥವಾ ಧಾರ್ಮಿಕ ಸಂದರ್ಭಗಳಲ್ಲಿ ವರ್ಷಕ್ಕೆ 15 ದಿನ ಮೀರದಂತೆ ಮಧ್ಯರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ವಯಸ್ಸಾದವರ, ಓದುವ ಮಕ್ಕಳ ನೆಮ್ಮದಿಗಾಗಿ ಮಾಡಿದ ಆ ನಿಯಮವನ್ನು ನಾನು ಗೌರವಿಸುತ್ತೇನೆ. ಆದರೆ ಸದ್ದಿನ ಮಟ್ಟವನ್ನು ಅಳೆಯಲು ಇರುವ ಅಧಿಕಾರವನ್ನು ಮಾತಿನ ಅರ್ಥವನ್ನು ಅಳೆಯಲು ಬಳಸಬಾರದು. ಶಾಂತಿ ಕದಡುವ ತುರ್ತು ಭಯವಿದ್ದಾಗ ಬಳಸಲು ಬೇರೆ ಕಾನೂನೇ ಇದೆ. ಹಿಂದೆ ದಂಡ ಪ್ರಕ್ರಿಯಾ ಸಂಹಿತೆಯ 144ನೇ ಕಲಂ, 2024ರ ಜುಲೈಯಿಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 163ನೇ ಕಲಂ. ಅದರ ಅಡಿಯಲ್ಲಿ ಹೊರಡುವ ಆದೇಶ ಬರಹದಲ್ಲಿರಬೇಕು, ಪ್ರಕರಣದ ಮುಖ್ಯ ಸಂಗತಿಗಳನ್ನು ಅದರಲ್ಲಿ ಹೇಳಿರಬೇಕು ಎಂದು ಆ ಕಲಮಿನಲ್ಲೇ ಇದೆ. ಹಾಗಾಗಿ ನಾನು ಕೇಳುತ್ತಿರುವುದು ಹೊಸ ಸೌಲಭ್ಯವನ್ನೇನೂ ಅಲ್ಲ.

ನಮ್ಮನ್ನು ಆಳಿದ ಬ್ರಿಟಿಷರು ಕೂಡ ನಾಟಕವನ್ನು ಕಾಗದದ ಮೇಲೆಯೇ ನಿಷೇಧಿಸುತ್ತಿದ್ದರು. ನೀಲಿ ಬೆಳೆಸುವ ರೈತರ ಬವಣೆಯನ್ನು ಹೇಳುವ ದೀನಬಂಧು ಮಿತ್ರರ ನಾಟಕ 1872ರಲ್ಲಿ ಕಲ್ಕತ್ತೆಯ ರಂಗವೇರಿತು. 1876ರ ಆರಂಭದಲ್ಲಿ, ಭಾರತಕ್ಕೆ ಬಂದಿದ್ದ ವೇಲ್ಸ್ ರಾಜಕುಮಾರನನ್ನು ಮನೆಯ ಅಂತಃಪುರಕ್ಕೇ ಬರಮಾಡಿಕೊಂಡ ಬಂಗಾಳಿ ಗಣ್ಯರೊಬ್ಬರನ್ನು ಹಾಸ್ಯ ಮಾಡಿದ ಪ್ರಹಸನ ಬಂದಾಗ, ವೈಸರಾಯ್ ನಾರ್ತ್‌ಬ್ರೂಕ್ ಮೊದಲು ಸುಗ್ರೀವಾಜ್ಞೆ ಹೊರಡಿಸಿದರು. ಅದೇ ವರ್ಷದ ಕೊನೆಯಲ್ಲಿ ನಾಟಕ ಪ್ರದರ್ಶನ ಕಾಯ್ದೆ ಬಂತು. ಅದು ದಬ್ಬಾಳಿಕೆಯ ಕಾಯ್ದೆ ಎಂಬುದರಲ್ಲಿ ಅನುಮಾನವಿಲ್ಲ, ಆದರೂ ನಿಷೇಧಕ್ಕೆ ಆದೇಶ ಬೇಕೆಂದೂ, ಆ ಆದೇಶದ ಪ್ರತಿಯನ್ನು ನಾಟಕದವರಿಗೆ ತಲುಪಿಸಬಹುದೆಂದೂ ಅದರಲ್ಲಿ ಬರೆದಿತ್ತು. ಸ್ವತಂತ್ರ ಭಾರತದಲ್ಲೂ ಬಹುಕಾಲ ಪುಸ್ತಕದಲ್ಲಿ ಉಳಿದಿದ್ದ ಆ ಕಾಯ್ದೆಯನ್ನು ಸಂಸತ್ತು 2017ರ ರದ್ದತಿ ಕಾಯ್ದೆಯ ಮೂಲಕ ತೆಗೆದುಹಾಕಿತು. ತಮಿಳುನಾಡಿನ 1954ರ ಇಂಥದೇ ಕಾಯ್ದೆಯ ಕಲಮುಗಳನ್ನು ಮದ್ರಾಸ್ ಹೈಕೋರ್ಟ್ 2013ರಲ್ಲಿ ಅಸಿಂಧುಗೊಳಿಸಿತು. ಕಾಯ್ದೆ ಹೋದ ಮೇಲೂ ಅಭ್ಯಾಸ ಉಳಿದುಕೊಂಡಿರುವುದು ನನ್ನ ಚಿಂತೆ.

ಇಂಗ್ಲೆಂಡಿನ ಕಥೆಯಿಂದ ಕಲಿಯುವುದಿದೆ. ಅಲ್ಲಿ 1737ರಿಂದ ಪ್ರತಿ ಹೊಸ ನಾಟಕವೂ ಅರಮನೆಯ ಅಧಿಕಾರಿಯಾದ ಲಾರ್ಡ್ ಚೇಂಬರ್ಲೇನ್ ಅವರ ಕಚೇರಿಗೆ ಹೋಗಬೇಕಿತ್ತು. ಯಾವ ಮಾತು ಬೇಡ, ಯಾವ ದೃಶ್ಯ ಬೇಡ ಎಂದು ಆ ಕಚೇರಿಯವರು ಪತ್ರ ಬರೆಯುತ್ತಿದ್ದರು. 1824ರಿಂದೀಚಿನ ಆ ಹಸ್ತಪ್ರತಿಗಳೂ ಕಚೇರಿಯ ಪತ್ರವ್ಯವಹಾರವೂ ಇಂದು ಬ್ರಿಟಿಷ್ ಲೈಬ್ರರಿಯಲ್ಲಿವೆ. ಬರಹದಲ್ಲಿದ್ದದ್ದರಿಂದಲೇ ಆ ಆಕ್ಷೇಪಣೆಗಳ ಸಣ್ಣತನ ಜನರ ಕಣ್ಣಿಗೆ ಬಿತ್ತು, ಪತ್ರಿಕೆಗಳಲ್ಲಿ, ಸಂಸತ್ತಿನ ಸಮಿತಿಯಲ್ಲಿ ಚರ್ಚೆಯಾಯಿತು, 1968ರ ಸೆಪ್ಟೆಂಬರ್ 26ರಂದು ಆ ಅಧಿಕಾರ ಕೊನೆಗೊಂಡಿತು. ನಮ್ಮ ಚಿತ್ರರಂಗದಲ್ಲೂ ಇದಕ್ಕೆ ಸಾಕ್ಷಿಯಿದೆ. 1970ರ ‘ಸಂಸ್ಕಾರ’ ಚಿತ್ರಕ್ಕೆ ಮದ್ರಾಸಿನ ಸೆನ್ಸಾರ್ ಮಂಡಳಿ ಅನುಮತಿ ನಿರಾಕರಿಸಿತು. ನಿರಾಕರಣೆ ಅಧಿಕೃತವಾಗಿದ್ದುದರಿಂದ ಅದನ್ನು ಕೇಂದ್ರದ ಮುಂದೆ ಪ್ರಶ್ನಿಸಲು ಸಾಧ್ಯವಾಯಿತು, ಚಿತ್ರ ತೆರೆ ಕಂಡಿತು, ಆ ವರ್ಷದ ಅತ್ಯುತ್ತಮ ಚಿತ್ರವೆಂಬ ರಾಷ್ಟ್ರಪ್ರಶಸ್ತಿಯನ್ನೂ ಪಡೆಯಿತು. ಅದೇ ಚಿತ್ರದ ನಟಿ ಸ್ನೇಹಲತಾ ರೆಡ್ಡಿ ತುರ್ತು ಪರಿಸ್ಥಿತಿಯಲ್ಲಿ ವಿಚಾರಣೆಯಿಲ್ಲದೆ ಬೆಂಗಳೂರಿನ ಜೈಲಿನಲ್ಲಿ ತಿಂಗಳುಗಟ್ಟಲೆ ಕಳೆದು, ಅಸ್ತಮಾದಿಂದ ಜರ್ಝರಿತರಾಗಿ ಹೊರಬಂದು, 1977ರ ಜನವರಿ 20ರಂದು ತೀರಿಕೊಂಡರು. ಕಾರಣ ಹೇಳಬೇಕಾಗಿಲ್ಲದ ಅಧಿಕಾರ ಎಲ್ಲಿಯವರೆಗೆ ಹೋಗಬಲ್ಲದು ಎಂಬುದನ್ನು ಕನ್ನಡ ರಂಗಭೂಮಿ ಮರೆಯಬಾರದು.

ಆದರೆ ನನ್ನನ್ನು ಹೆಚ್ಚು ಕಾಡುವುದು ಕೆನ್ಯಾ ದೇಶದ ಕಮಿರೀಥು ಎಂಬ ಹಳ್ಳಿಯ ಕಥೆ. ಲಿಮುರು ಪಟ್ಟಣದ ಪಕ್ಕದ ಆ ಊರಿನಲ್ಲಿ ಚಹಾ ತೋಟದ ಕೂಲಿಗಳೂ ಚಪ್ಪಲಿ ಕಾರ್ಖಾನೆಯ ಕೆಲಸಗಾರರೂ ಸಣ್ಣ ರೈತರೂ ಇದ್ದರು. 1977ರಲ್ಲಿ ಅವರು ತಮ್ಮ ಕೈಯಿಂದಲೇ ಒಂದು ಬಯಲು ರಂಗಮಂದಿರ ಕಟ್ಟಿದರು. ಗೂಗಿ ವಾ ಥಿಯಾಂಗೊ ಮತ್ತು ಗೂಗಿ ವಾ ಮಿರೀ ಬರೆದ ನಾಟಕದ ಕರಡನ್ನು ಊರಿನವರೇ ತಿದ್ದಿದರು. ಅಜ್ಜಿಯರು ಹಳೆಯ ಹಾಡುಗಳನ್ನು ನೆನಪಿಸಿಕೊಟ್ಟರು, ಕಾರ್ಖಾನೆಯವರು ತಮ್ಮ ಸಂಬಳದ ಲೆಕ್ಕವನ್ನು ಸಂಭಾಷಣೆಗೆ ಸೇರಿಸಿದರು. ಬಡ ರೈತನೊಬ್ಬನ ತುಂಡು ಭೂಮಿಯನ್ನು ಶ್ರೀಮಂತರು ಕಸಿದುಕೊಳ್ಳುವ ಆ ಕಥೆ ಅವರದೇ ಗಿಕೂಯು ಭಾಷೆಯಲ್ಲಿತ್ತು. ದೂರದೂರದಿಂದ ಜನ ಬಂದು ನೋಡತೊಡಗಿದ ಕೆಲವೇ ವಾರಗಳಲ್ಲಿ, ನವೆಂಬರ್ 16ರಂದು, ಆ ಜಿಲ್ಲೆಯ ಕಮಿಷನರ್ ಪ್ರದರ್ಶನದ ಪರವಾನಗಿಯನ್ನು ಹಿಂತೆಗೆದುಕೊಂಡರು. ಡಿಸೆಂಬರ್ 31ರಂದು ಥಿಯಾಂಗೊ ಬಂಧನವಾಯಿತು; ಒಂದು ವರ್ಷ ವಿಚಾರಣೆಯಿಲ್ಲದೆ ಸೆರೆಯಲ್ಲಿದ್ದ ಅವರು ಅಲ್ಲಿ ಶೌಚದ ಕಾಗದದ ಮೇಲೆ ಕಾದಂಬರಿ ಬರೆದರು. 1982ರ ಮಾರ್ಚಿನಲ್ಲಿ ಪೊಲೀಸರು ಲಾರಿಗಳಲ್ಲಿ ಬಂದು ಆ ಬಯಲು ರಂಗಮಂದಿರವನ್ನೇ ನೆಲಸಮ ಮಾಡಿದರು.

ಆ ನಾಟಕವನ್ನು ನೈರೋಬಿಯಲ್ಲಿ ಇಂಗ್ಲಿಷಿನಲ್ಲಿ ಆಡಿದ್ದರೆ ಯಾರೂ ಅಷ್ಟು ತಲೆಕೆಡಿಸಿಕೊಳ್ಳುತ್ತಿರಲಿಲ್ಲ ಎಂಬುದು ನನ್ನ ಅನಿಸಿಕೆ. ಥಿಯಾಂಗೊ ಅವರ ಇಂಗ್ಲಿಷ್ ಕಾದಂಬರಿಗಳು ಆ ದೇಶದಲ್ಲಿ ಓದಿಗೆ ಸಿಗುತ್ತಲೇ ಇದ್ದವು. ಕೂಲಿಯವನು ತನ್ನ ಮಾತಿನಲ್ಲಿ, ತನ್ನ ಊರಿನ ಬಯಲಿನಲ್ಲಿ ನಿಂತು ಲೆಕ್ಕ ಕೇಳಿದಾಗಲೇ ತಡೆ ಬರುವುದು. ನಮ್ಮಲ್ಲೂ ಬೆಂಗಳೂರಿನ ಸಭಾಂಗಣದಲ್ಲಿ ಯಾವ ಅಡ್ಡಿಯೂ ಇಲ್ಲದೆ ಆಡಿದ ನಾಟಕವೇ ತಾಲ್ಲೂಕಿನ ಶಾಲಾ ಮೈದಾನಕ್ಕೆ ಬಂದಾಗ ಸೂಕ್ಷ್ಮವೆನಿಸುತ್ತದೆ. ಹಾಗಾಗಿ ಕಲೆಯ ಸ್ವಾತಂತ್ರ್ಯ ನಗರದ ವಿದ್ಯಾವಂತರ ಚರ್ಚೆಯೆಂದು ಅನ್ನುವವರ ಮಾತನ್ನು ನಾನು ಒಪ್ಪುವುದಿಲ್ಲ. ಅದರ ಪೆಟ್ಟು ಮೊದಲು ಬೀಳುವುದು ಹಳ್ಳಿಯ ತಂಡದ ಮೇಲೆ.

ಗುಟ್ಟಾಗಿ ತಡೆಯುವ ಪದ್ಧತಿ ಎಷ್ಟು ದೊಡ್ಡದಾಗಿ ಬೆಳೆಯಬಹುದೆಂಬುದಕ್ಕೆ ದಕ್ಷಿಣ ಕೊರಿಯಾ ನಿದರ್ಶನ. ಚಲನಚಿತ್ರಗಳ ಪೂರ್ವ ಸೆನ್ಸಾರ್ ಸಂವಿಧಾನಬಾಹಿರವೆಂದು ಅಲ್ಲಿನ ಸಾಂವಿಧಾನಿಕ ನ್ಯಾಯಾಲಯ 1996ರಲ್ಲೇ ತೀರ್ಪು ಕೊಟ್ಟಿತ್ತು. ಆದರೂ 2016ರಲ್ಲಿ, ಸರ್ಕಾರಕ್ಕೆ ಇಷ್ಟವಾಗದ 9,000ಕ್ಕೂ ಹೆಚ್ಚು ಕಲಾವಿದರ, ಲೇಖಕರ ಹೆಸರುಗಳ ಗುಪ್ತ ಪಟ್ಟಿಯೊಂದು ಹೊರಬಿತ್ತು. ಯಾರ ನಾಟಕವನ್ನೂ ನಿಷೇಧಿಸಿರಲಿಲ್ಲ. ಅನುದಾನ ಬರುತ್ತಿರಲಿಲ್ಲ, ಆಹ್ವಾನ ಬರುತ್ತಿರಲಿಲ್ಲ, ಕಾರಣ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಪಟ್ಟಿ ಬೆಳಕಿಗೆ ಬಂದ ಮೇಲೆ ಅಧ್ಯಕ್ಷರ ಮುಖ್ಯ ಕಾರ್ಯದರ್ಶಿಯಾಗಿದ್ದವರೇ ಜೈಲು ಸೇರಿದರು.

ಗಲಾಟೆಯ ಭಯ ಸುಳ್ಳೆಂದು ನಾನು ಹೇಳುವುದಿಲ್ಲ. 1989ರ ಜನವರಿ 1ರಂದು ದೆಹಲಿ ಸಮೀಪದ ಸಾಹಿಬಾಬಾದಿನಲ್ಲಿ ಬೀದಿ ನಾಟಕ ಆಡುತ್ತಿದ್ದ ಸಫ್ದರ್ ಹಾಶ್ಮಿಯವರ ತಂಡದ ಮೇಲೆ ಗುಂಪೊಂದು ಎರಗಿತು, ಮರುದಿನ ಅವರು ಪ್ರಾಣ ಬಿಟ್ಟರು. ಜನವರಿ 4ರಂದು ಅವರ ಪತ್ನಿ ಮಲಯಶ್ರೀ ತಂಡದೊಂದಿಗೆ ಅದೇ ಜಾಗಕ್ಕೆ ಹೋಗಿ ಅರ್ಧಕ್ಕೆ ನಿಂತ ನಾಟಕವನ್ನು ಆಡಿ ಮುಗಿಸಿದರು. ಸೆನ್ಸಾರ್ ಕಾನೂನು ಹೋದ ಇಂಗ್ಲೆಂಡಿನಲ್ಲೇ 2004ರ ಡಿಸೆಂಬರಿನಲ್ಲಿ, ಬರ್ಮಿಂಗ್‌ಹ್ಯಾಮ್ ನಗರದ ರಂಗಮಂದಿರವೊಂದು ಸಿಖ್ ಲೇಖಕಿಯೊಬ್ಬರ ನಾಟಕವನ್ನು ಪ್ರತಿಭಟನೆಗೆ ಅಂಜಿ ನಿಲ್ಲಿಸಿತು. ಆದರೆ ಗಲಾಟೆ ಮಾಡುತ್ತೇವೆ ಎಂದವರನ್ನು ಬಿಟ್ಟು ನಾಟಕ ಆಡುವವರನ್ನು ಸುಮ್ಮನಾಗಿಸುವುದು ಸುಲಭದ ದಾರಿಯಾಗಿಬಿಟ್ಟಿದೆ. ತಮಿಳು ಚಿತ್ರವೊಂದರ ಬಗ್ಗೆ 1989ರಲ್ಲಿ ತೀರ್ಪು ಕೊಟ್ಟ ಸುಪ್ರೀಂ ಕೋರ್ಟ್, ಮೆರವಣಿಗೆ ಮತ್ತು ಹಿಂಸೆಯ ಬೆದರಿಕೆಗೆ ಮಣಿದು ಅಭಿವ್ಯಕ್ತಿಯನ್ನು ಹತ್ತಿಕ್ಕಿದರೆ ಅದು ಕಾನೂನಿನ ಆಡಳಿತವನ್ನೇ ಅಲ್ಲಗಳೆದಂತೆ, ರಕ್ಷಣೆ ಕೊಡುವುದು ಸರ್ಕಾರದ ಕರ್ತವ್ಯ ಎಂದಿತು. ರಂಗರಾಜನ್ ಪ್ರಕರಣವೆಂದು ಹೆಸರಾದ ಆ ತೀರ್ಪಿನ ಪ್ರತಿ ಅನುಮತಿ ಕೊಡುವ ಪ್ರತಿ ಕಚೇರಿಯಲ್ಲೂ ಇರಬೇಕು.

ಪಕ್ಕದ ತಮಿಳುನಾಡಿನ ನಾಮಕ್ಕಲ್ ಜಿಲ್ಲೆಯಲ್ಲಿ ನಡೆದದ್ದು ನಮ್ಮ ವಿಷಯಕ್ಕೆ ಇನ್ನೂ ಹತ್ತಿರ. 2015ರ ಜನವರಿ 12ರಂದು ತಮಿಳು ಕಾದಂಬರಿಕಾರ ಪೆರುಮಾಳ್ ಮುರುಗನ್ ಅವರನ್ನು ಅಧಿಕಾರಿಗಳು ಶಾಂತಿ ಸಭೆಗೆ ಕರೆಸಿ, ಅವರ ಕಾದಂಬರಿಯನ್ನು ವಿರೋಧಿಸುತ್ತಿದ್ದವರ ಮುಂದೆ ಬೇಷರತ್ ಕ್ಷಮೆಯ ಒಪ್ಪಂದಕ್ಕೆ ಸಹಿ ಹಾಕಿಸಿಕೊಂಡರು. ತನ್ನೊಳಗಿನ ಲೇಖಕ ಸತ್ತನೆಂದು ಅವರು ಘೋಷಿಸಿಕೊಂಡರು. 2016ರ ಜುಲೈ 5ರಂದು ಮದ್ರಾಸ್ ಹೈಕೋರ್ಟ್ ಆ ಒಪ್ಪಂದ ಅವರನ್ನು ಕಟ್ಟಿಹಾಕಲಾರದು ಎಂದು ಸಾರಿತು. ಶಾಂತಿ ಕಾಪಾಡುವ ಹೆಸರಿನಲ್ಲಿ ಕಲಾವಿದರ ಮೇಲೆ ಒತ್ತಡ ಹೇರಿ ಅವರ ನಿಲುವನ್ನು ಬಿಡಿಸಬಾರದು ಎಂದಿತು. ಇಂಥ ವಿವಾದಗಳಿಗೆ ಸಾಹಿತ್ಯ, ಕಲೆ ಬಲ್ಲವರ ತಜ್ಞ ಮಂಡಳಿ ಇರಲಿ ಎಂದು ಸೂಚಿಸಿತು. ಒಳ್ಳೆಯ ಉದ್ದೇಶದಿಂದ ಕರೆದ ಸಭೆಯೇ ಒಬ್ಬ ಬರಹಗಾರನ ಲೇಖನಿಯನ್ನು ಕೆಳಗಿಡಿಸಬಲ್ಲದು ಎಂಬುದನ್ನು ಅಧಿಕಾರಿಗಳು ದಯವಿಟ್ಟು ಗಮನಿಸಬೇಕು.

ಫೋನ್ ಕರೆಯ ಭಯ ತಾಲೀಮಿಗೂ ಬಂದು ಕುಳಿತಿದೆ. ಈಚೆಗೆ ತಂಡವೊಂದರ ಪ್ರಾಂಪ್ಟರ್ ಪುಸ್ತಕವನ್ನು ತಿರುವಿಹಾಕಿದೆ. ಹಾಳೆಯ ಮೇಲೆ ಹಾಳೆಯಲ್ಲಿ ಪೆನ್ಸಿಲ್ಲಿನಿಂದ ಮಾತುಗಳನ್ನು ಹೊಡೆದುಹಾಕಿದ್ದರು. ಜಾತಿಯ ಹೆಸರು ಬರುವ ಕಡೆ ಒಂದು ಗೆರೆ, ಅರ್ಚಕರ ಪ್ರಸ್ತಾಪಕ್ಕೆ ಒಂದು ಗೆರೆ, ಶಾಸಕನ ಪಾತ್ರದ ಪ್ರವೇಶವಿಡೀ ಒಂದು ಗೆರೆ. ಯಾರು ಹೊಡೆಯಲು ಹೇಳಿದರು ಎಂದು ಕೇಳಿದರೆ, ‘ಯಾರೂ ಹೇಳಿಲ್ಲ ಸಾರ್, ಆಮೇಲೆ ತೊಂದರೆ ಬೇಡ ಅಂತ ನಾವೇ ಹೊಡೆದ್ವಿ’ ಎಂದರು. ಅವರಲ್ಲಿ ಇಬ್ಬರು ಸರ್ಕಾರಿ ಶಾಲೆಯ ಶಿಕ್ಷಕರು, ಸಂಸಾರ ಇರುವವರು. ಅವರನ್ನು ದೂರುವುದು ನ್ಯಾಯವಲ್ಲ. ಎಲ್ಲಿಯವರೆಗೆ ಹೋದರೆ ತಪ್ಪು ಎಂಬ ಗಡಿ ಬರಹದಲ್ಲಿ ಗೊತ್ತಿದ್ದರೆ ಅಲ್ಲಿಯವರೆಗೆ ಧೈರ್ಯವಾಗಿ ಹೋಗಬಹುದು. ಗಡಿಯೇ ಗೊತ್ತಿಲ್ಲದವನು ಬಾಗಿಲು ದಾಟಲೂ ಹೆದರುತ್ತಾನೆ.

ಹಾಗೆಂದು ರಂಗದ ಮೇಲೆ ಏನು ಬೇಕಾದರೂ ಹೇಳಬಹುದು ಎಂಬುದು ನನ್ನ ವಾದವಲ್ಲ. ಸಂವಿಧಾನದ 19(1)(ಎ) ವಿಧಿ ಕೊಟ್ಟ ಅಭಿವ್ಯಕ್ತಿ ಸ್ವಾತಂತ್ರ್ಯಕ್ಕೆ 19(2)ರಲ್ಲಿ ಮಿತಿಗಳಿವೆ, ಒಂದು ಸಮುದಾಯದ ಮೇಲೆ ಜನರನ್ನು ಎತ್ತಿಕಟ್ಟುವ ನಾಟಕವನ್ನು ನಾನೂ ಒಪ್ಪಲಾರೆ. ಶತಮಾನಗಳಿಂದ ಅವಮಾನ ಉಂಡ ದಲಿತರನ್ನೋ ಹೆಂಗಸರನ್ನೋ ರಂಗದ ಮೇಲೆ ನಿಲ್ಲಿಸಿ ನಗಿಸುವ ಅಗ್ಗದ ಹಾಸ್ಯ ನಮ್ಮ ಕಂಪನಿ ನಾಟಕಗಳಲ್ಲೂ ಬೇಕಾದಷ್ಟಿದೆ, ಅದನ್ನು ಕಂಡು ಎದ್ದುನಿಂತು ಪ್ರಶ್ನಿಸಿದ ಪ್ರೇಕ್ಷಕರು ಸರಿಯಾದ ಕೆಲಸವನ್ನೇ ಮಾಡಿದ್ದಾರೆ. ನೋವಾದವರು ಪ್ರತಿಭಟಿಸಲಿ, ಪತ್ರಿಕೆಗೆ ಬರೆಯಲಿ, ಎದುರು ನಾಟಕ ಕಟ್ಟಲಿ, ದಾವೆ ಹೂಡಲಿ. ಇವೆಲ್ಲ ಹಗಲಿನ ಬೆಳಕಿನಲ್ಲಿ, ಹೆಸರು ಹೇಳಿಕೊಂಡು ಮಾಡುವ ಕೆಲಸಗಳು, ಉತ್ತರ ಕೊಡಲು ಎದುರಿನವರಿಗೂ ಅವಕಾಶವಿರುತ್ತದೆ.

ಇನ್ನು ನನ್ನ ಬೇಡಿಕೆಗಳು. ಅನುಮತಿಯ ಅರ್ಜಿಗೆ ಒಪ್ಪಿಗೆಯಾಗಲಿ ನಿರಾಕರಣೆಯಾಗಲಿ ಪ್ರದರ್ಶನಕ್ಕೆ ಕನಿಷ್ಠ ಮೂರು ದಿನ ಮುಂಚೆ ಬರಹದಲ್ಲಿ ಸಿಗಬೇಕು, ನಿರಾಕರಿಸಿದರೆ ಕಲಂ, ಕಾರಣ, ಅಧಿಕಾರಿಯ ಹೆಸರು ಮತ್ತು ಮೇಲ್ಮನವಿ ಎಲ್ಲಿ ಎಂಬುದು ಅದರಲ್ಲಿ ಇರಬೇಕು. ಆಕ್ಷೇಪಿಸುವವರು ಯಾವ ದೃಶ್ಯ, ಯಾವ ಮಾತು ಎಂದು ಬರೆದು ಸಹಿ ಮಾಡಿ ಕೊಡಲಿ; ಹೆಸರಿಲ್ಲದ ದೂರನ್ನು ನಾಟಕ ನಿಲ್ಲಿಸಲು ಬಳಸಬಾರದು. ಬೆದರಿಕೆ ಬಂದರೆ ಮೊದಲ ಕೆಲಸ ಬೆದರಿಸಿದವರ ಮೇಲೆ ಕ್ರಮ ಮತ್ತು ರಂಗದ ಸುತ್ತ ಬಂದೋಬಸ್ತು ಆಗಬೇಕು. ಸರ್ಕಾರಿ ರಂಗಮಂದಿರದಲ್ಲಿ ಬುಕಿಂಗ್ ರದ್ದಾದರೆ ಬಾಡಿಗೆಯನ್ನು ಪೂರ್ತಿ ಹಿಂದಿರುಗಿಸಿ, ರದ್ದತಿಯ ಕಾರಣವನ್ನು ಸೂಚನಾ ಫಲಕದಲ್ಲಿ ಹಾಕಬೇಕು. ನಾಟಕ ನೋಡುವ ಜನತೆಯಲ್ಲಿ ನನ್ನ ಕೋರಿಕೆ ಇಷ್ಟೇ: ನಿಮ್ಮೂರಲ್ಲಿ ಆಟ ನಿಂತಿತೆಂದು ಕೇಳಿದಾಗ ಮನೆಗೆ ಹಿಂದಿರುಗುವ ಮುನ್ನ ‘ಆದೇಶ ಎಲ್ಲಿದೆ’ ಎಂದು ಒಮ್ಮೆ ಕೇಳಿ.

ಇವನ್ನೆಲ್ಲ ಜಾರಿಗೆ ತರಲು ಕಚೇರಿಗಳಿಗೆ ಬೇಕಾಗುವುದು ಒಂದು ಪುಟದ ನಮೂನೆ ಮತ್ತು ಒಂದು ಸುತ್ತೋಲೆ. ಆ ನಮೂನೆಯ ಕರಡನ್ನು ಜಿಲ್ಲೆಯ ರಂಗತಂಡಗಳು, ವಕೀಲರು ಕುಳಿತು ಬರೆದು ತರಲು ನಾವು ಸಿದ್ಧರಿದ್ದೇವೆ. ಜಾತ್ರೆಗಳ ಹಂಗಾಮು ಶುರುವಾಗುವ ಮೊದಲು ಒಂದು ಸಭೆಗೆ ದಿನ ಗೊತ್ತುಮಾಡಿ ತಿಳಿಸಬೇಕೆಂದು ಕೋರುತ್ತೇನೆ.

ಇತಿ ತಮ್ಮ ವಿಶ್ವಾಸಿ,
ತುಮಕೂರಿನ ಒಬ್ಬ ನಾಟಕದ ಮೇಷ್ಟ್ರು